ಏನಿಲ್ಲ, ಆಡೀವಿ

ಶಾಲೆ ಬಿಟ್ಟು ಬರುವ ಮಕ್ಕಳನ್ನು ನಡುದಾರಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುವ ಅಧಿಕಾರವನ್ನು ನಮ್ಮ ಭಾಗದ ಹಿರಿಯರಿಗೆ ಯಾರೂ ಕೊಟ್ಟಿಲ್ಲ, ಅವರೇ ತಗೊಂಡಿದ್ದಾರೆ. ಬೇಮಳಖೇಡದ ಸುತ್ತಿನ ಯಾವ ಹಳ್ಳಿಗೆ ಹೋದರೂ ಹಣಮಂತ ದೇವರ ಗುಡಿ ಮುಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ಮಂದಿ ಮುತ್ಯಾಗಳು, ಅವರ ಎದುರು ಸಂಜೆ ಹೊತ್ತಿಗೆ ಪಾಟಿಚೀಲ ಹೊತ್ತ ಒಬ್ಬ ಆರೋಪಿ ಇದ್ದೇ ಇರುತ್ತಾರೆ.

"ಇವತ್ತ ಸಾಲ್ಯಾಗ ಏನ್ ಕಲಸ್ಯಾರೋ?"

"ಏನಿಲ್ಲ ಮುತ್ಯಾ, ಆಡೀವಿ."

ಅಲ್ಲಿಗೆ ವಿಚಾರಣೆ ಮುಗಿಯಿತು. ತೀರ್ಪು ಹುಡುಗನ ಮೇಲಲ್ಲ, ಮಾಸ್ತರರ ಮೇಲೆ ಬೀಳುತ್ತದೆ: "ನೋಡ್ರಿ, ಸರ್ಕಾರದ ಪಗಾರ ತಗೊಂಡು ಹುಡುಗರಿಗಿ ಆಡಸ್ತಾರ." ಉಳಿದ ಮೂವರು ತಲೆಯಾಡಿಸುತ್ತಾರೆ. ಮೇಲ್ಮನವಿಗೆ ಅವಕಾಶವಿಲ್ಲ.

ಈ "ಏನಿಲ್ಲ" ಎನ್ನುವುದರಲ್ಲಿ ಏನೇನಿದೆ ಎಂದು ನೋಡುವ ಚಟ ನನಗೆ ಹತ್ತಿದ್ದು ನನ್ನ ತಂಗಿಯಿಂದ. ಅವಳು ಬೇಮಳಖೇಡ ಹೋಬಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಟೀಚರು, ಎಂದರೆ ಸಣ್ಣ ಇಯತ್ತೆಗಳಿಗೆ ಆಡಿಸುತ್ತ ಕಲಿಸುವವಳು. ಯಾವ ಊರು ಎಂದು ಬರೆದರೆ ನನ್ನ ಕೂಡ ಮಾತು ಬಿಡುತ್ತಾಳೆ, ಹಾಗಾಗಿ ಬರೆಯುವುದಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಮುಂಜಾನೆ ಅವಳ ಸ್ಕೂಟಿಯ ಹಿಂದೆ ಕೂತು ಶಾಲೆಗೆ ಹೋಗಿ, ಖೋಲಿಯ ಮೂಲೆಯಲ್ಲಿ ಜಾಗ ಹಿಡಿಯುತ್ತೇನೆ. ಮಕ್ಕಳು ನನ್ನನ್ನು ಮೊದಲ ದಿನ ಸಾಹೇಬ ಎಂದುಕೊಂಡು ಎದ್ದು ನಿಂತವು. ಸಾಹೇಬ ಅಲ್ಲ ಎಂದು ಗೊತ್ತಾದ ಮೇಲೆ ಪೆನ್ಸಿಲ್ ಚೂಪು ಮಾಡುವ ಕೆಲಸ ಕೊಟ್ಟವು.

ಬೇಮಳಖೇಡ ಎಲ್ಲಿದೆ ಎಂದು ಬೆಂಗಳೂರಿನ ಗೆಳೆಯರು ಕೇಳುವುದುಂಟು. ಬೀದರ್ ಜಿಲ್ಲೆ. ಮೊದಲು ಹುಮನಾಬಾದ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕಿನಲ್ಲಿದೆ. ಕಾಗದಪತ್ರದಲ್ಲಿ ತಾಲ್ಲೂಕು ಬದಲಾಯಿತೇ ಹೊರತು ಊರೇನೂ ಕದಲಿಲ್ಲ. ತೆಲಂಗಾಣದ ಗಡಿ ಹತ್ತಿರ. 1956ರಲ್ಲಿ ಕರ್ನಾಟಕಕ್ಕೆ ಬಂದು ಸೇರುವ ಮೊದಲು ಹೈದರಾಬಾದಿನ ಆಡಳಿತ. ಆದ್ದರಿಂದ ಇಲ್ಲಿ ಮನೆಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ, ಬಜಾರದಲ್ಲಿ ದಖನಿ ಉರ್ದು, ಬೀಗರ ಮನೆಗೆ ಹೋದರೆ ತೆಲುಗೋ ಮರಾಠಿಯೋ. ಆರು ವರ್ಷದ ಹುಡುಗ ಈ ಮೂರ್ನಾಲ್ಕರಲ್ಲಿ ಜಗಳ ಆಡಬಲ್ಲ, ಸಾಲ ಕೇಳಬಲ್ಲ, ಸುಳ್ಳೂ ಹೇಳಬಲ್ಲ. ಇಷ್ಟು ಬಲ್ಲವನನ್ನು ತಂದು ಒಂದನೇ ಇಯತ್ತೆಯಲ್ಲಿ ಕೂಡಿಸಿ "ನಿನಗ ಏನೂ ಬರೋದಿಲ್ಲ" ಎಂದು ಶುರುಮಾಡುವುದು ಹಳೆಯ ಶಾಲೆಯ ರೀತಿಯಾಗಿತ್ತು. ತಂಗಿಯ ಖೋಲಿಯಲ್ಲಿ ಬೇರೆ ಕಡೆಯಿಂದ ಶುರುವಾಗುತ್ತದೆ.

ಆ ಖೋಲಿಯಲ್ಲಿ ಒಂದು, ಎರಡು, ಮೂರನೇ ಇಯತ್ತೆಗಳು ಒಟ್ಟಿಗೇ ಇವೆ. ಬೆಂಚಿಲ್ಲ, ಗುಂಪುಗುಂಪಾಗಿ ನೆಲಕ್ಕೇ ಕೂಡುತ್ತಾರೆ. ಮುಂಜಾನೆ ಬಂದ ಕೂಡಲೇ ಹಾಜರಿ ಕರೆಯುವ ಪದ್ಧತಿ ಇಲ್ಲ. ಗೋಡೆಗೆ ತೂಗುಹಾಕಿದ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿ ತಾನೇ ಗುರುತು ಹಾಕಬೇಕು. ಅಕ್ಷರ ಬಾರದ ಮಗು ಮೊದಲು ಓದಲು ಕಲಿಯುವ ಶಬ್ದ ತನ್ನ ಹೆಸರೇ ಆಗುತ್ತದೆ, ಎರಡನೆಯದು ಪಕ್ಕದವನ ಹೆಸರು. ಏಕೆಂದರೆ ಪಕ್ಕದವನು ಬಾರದ ದಿನ ಅವನದೂ ತಾನೇ ಹಾಕಿಬಿಡುವ ಉಪಕಾರಿಗಳು ಇಲ್ಲಿಯೂ ಇದ್ದಾರೆ.

ಅದರ ಪಕ್ಕದಲ್ಲಿ ಹವಾಮಾನದ ಪಟ್ಟಿ. ಬಿಸಿಲು, ಮೋಡ, ಮಳೆ, ಗಾಳಿ ಎಂದು ಚಿತ್ರಗಳಿರುತ್ತವೆ. ಹೊರಗೆ ಹೋಗಿ ಮುಗಿಲು ನೋಡಿ ಬಂದು ಆ ದಿನದ ಚೌಕದಲ್ಲಿ ಗುರುತು ಹಾಕಬೇಕು. ಜೂನ್ ತಿಂಗಳ ಒಂದು ದಿನ ಇದರ ಮೇಲೆ ದೊಡ್ಡ ವ್ಯಾಜ್ಯವೇ ಆಯಿತು. ಒಬ್ಬ ಹುಡುಗ ಮೋಡಕ್ಕೆ ಗುರುತು ಹಾಕಿದ. ಎರಡನೇ ಇಯತ್ತೆಯ ಹುಡುಗಿ ಅದನ್ನು ಅಳಿಸಿ ಬಿಸಿಲಿಗೆ ಹಾಕಿದಳು. "ಮೋಡ ಆಗ್ಯಾದ, ಹೊರಗ ಬಂದ್ ನೋಡು" ಎಂದ ಅವನು. "ಅದು ಬರೇ ಬಿಳಿ ಮೋಡ. ಇದು ಮಳಿ ತರಂಗಿಲ್ಲ. ನಮ್ಮಪ್ಪ ತೊಗರಿ ಬೀಜ ಇನ್ನಾ ಚೀಲದಾಗೇ ಇಟ್ಟಾನ" ಎಂದಳು ಅವಳು. ತಂಗಿ ಯಾರ ಪರವೂ ಹೇಳಲಿಲ್ಲ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದಳು. ಮೋಡ ಎಷ್ಟು ಬಗೆ, ಯಾವ ದಿಕ್ಕಿನಿಂದ ಬರುತ್ತವೆ, ಯಾವುದು ಬಂದರೆ ಮನೆಯವರು ಕೂರಿಗೆ ತೆಗೆಯುತ್ತಾರೆ ಎಂಬ ಚರ್ಚೆ ಅರ್ಧ ತಾಸು ನಡೆಯಿತು. ಕೊನೆಗೆ ಆ ದಿನದ ಚೌಕದಲ್ಲಿ ಬಿಸಿಲು, ಮೋಡ ಎರಡೂ ಬಿದ್ದವು. ಆ ಹುಡುಗಿ ಸಂಜೆ ಕಟ್ಟೆಯ ಮುಂದೆ ಹಾಯುವಾಗ ಏನು ಕಲಿತೆ ಎಂದರೆ ಏನು ಹೇಳಬೇಕು? "ಏನಿಲ್ಲ, ಮೋಡ ನೋಡೀವಿ."

ಪಾಠ ಎಂಬುದು ಇಲ್ಲಿ ಕಾರ್ಡುಗಳ ರೂಪದಲ್ಲಿ ಇರುತ್ತದೆ. ಯಾವ ಕಾರ್ಡಿನ ನಂತರ ಯಾವುದು ಎಂದು ಹೇಳುವ ಕಲಿಕಾ ಏಣಿ ಗೋಡೆಯ ಮೇಲಿದೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿ, ತನ್ನ ಕಾರ್ಡು ಹುಡುಕಿ ತೆಗೆದು, ಅದರ ಮೇಲಿನ ಚಿಹ್ನೆ ಯಾವ ತಟ್ಟೆಯದೋ ಆ ತಟ್ಟೆಗೆ ಹೋಗಿ ಕೂಡುತ್ತದೆ. ತಟ್ಟೆ ಎಂದರೆ ಗುಂಪು. ಮೊದಲ ತಟ್ಟೆಯಲ್ಲಿ ಟೀಚರ ಪೂರ್ತಿ ನೆರವು. ಎರಡನೆಯದರಲ್ಲಿ ಸ್ವಲ್ಪ ನೆರವು. ಮೂರನೆಯದರಲ್ಲಿ ಗೆಳೆಯರ ಪೂರ್ತಿ ನೆರವು. ನಾಲ್ಕನೆಯದರಲ್ಲಿ ಗೆಳೆಯರದೂ ಸ್ವಲ್ಪವೇ. ಐದನೆಯದರಲ್ಲಿ ಯಾರೂ ಇಲ್ಲ, ತನಗೆ ತಾನೇ. ಹುಡುಗ ನಾಲ್ಕು ದಿನ ಜ್ವರ ಬಂದು ಮಲಗಿದರೂ, ಅವ್ವನ ಸಂಗಡ ಕಬ್ಬು ಕಡಿಯುವ ಕಡೆಗೆ ಹೋಗಿ ಬಂದರೂ, ತಿರುಗಿ ಬಂದಾಗ ಪಾಠ ಮುಂದೆ ಓಡಿಹೋಗಿರುವುದಿಲ್ಲ. ಅವನು ಬಿಟ್ಟ ಮೆಟ್ಟಿಲು ಅವನಿಗಾಗಿ ಅಲ್ಲೇ ಕಾದಿರುತ್ತದೆ. ಒಕ್ಕಲುತನದ ಊರುಗಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ತೋಚುವುದಿಲ್ಲ.

ಮೂರನೇ ತಟ್ಟೆಯನ್ನು ನೋಡುವುದು ನನಗೆ ಬಲು ಇಷ್ಟ. ಅಲ್ಲಿ ಮೂರನೇ ಇಯತ್ತೆಯ ಹುಡುಗಿಯರು ಟೀಚರುಗಳಾಗಿರುತ್ತಾರೆ. ಮಕ್ಕಳ ಮನಶ್ಶಾಸ್ತ್ರ, ಪ್ರೀತಿಯ ಬೋಧನೆ ಎಂದು ಇಲಾಖೆ ಎಷ್ಟೇ ತರಬೇತಿ ಕೊಡಲಿ, ಈ ಟೀಚರುಗಳಿಗೆ ಅದು ಮುಟ್ಟಿಲ್ಲ. "ಎಷ್ಟ್ ಸಲ ಹೇಳ್ಬೇಕು ನಿಂಗ? ಕೈ ತೆಗಿ, ಬೆರಳ ಇಲ್ಲಿಡು" ಎಂದು ಗದರುತ್ತಾರೆ. ಆದರೆ ಒಂದನೇ ಇಯತ್ತೆಯವನಿಗೆ ಅರ್ಥವಾಗದ ಕಡೆ ಯಾವುದು ಎಂದು ಅವರಿಗೆ ಬೇಗ ಗೊತ್ತಾಗುತ್ತದೆ, ಏಕೆಂದರೆ ಎರಡು ವರ್ಷದ ಹಿಂದೆ ಅವರು ತಡವರಿಸಿದ್ದೂ ಅಲ್ಲೇ. ಲಂಬಾಣಿ ಹುಡುಗನಿಗೆ ಲಂಬಾಣಿಯಲ್ಲೇ ಬಿಡಿಸಿ ಹೇಳಿ ಮತ್ತೆ ಕನ್ನಡಕ್ಕೆ ಬರುತ್ತಾರೆ. ಯಾವ ತರಬೇತಿಯಲ್ಲೂ ಇದನ್ನು ಯಾರಿಗೂ ಹೇಳಿಕೊಟ್ಟಿಲ್ಲ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಎಂದು ಹೊರಡುವುದಿಲ್ಲ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಅಕ್ಷರಗಳು ಮೊದಲು: ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮುಂದಿನ ಐದು ಜ, ವ, ಮ, ಬ, ನ. ಅವು ಸೇರಿದ ಕೂಡಲೇ ಮರ, ಮಗ, ಜನ, ದನ ಬಂದವು, ಬಸವ ಬಂದ, ನಮ್ಮ ಕಡೆಯ ಹಳೆಯ ನೆಂಟ ಬರವೂ ಬಂದ. ಒಂದು ದಿನ ಹುಡುಗನೊಬ್ಬ ಗೋಡೆಹಲಗೆಯ ಮೇಲೆ ದನ ಎಂದು ಬರೆದು ಟೀಚರ ಕಡೆ ತಿರುಗಿ ಕೇಳಿದ: "ಟೀಚರ್, ದನ ಬಂತು, ಎಮ್ಮಿ ಯಾಕ ಬರ್ಲಿಲ್ಲ?" ಎಮ್ಮೆಗೆ ಬೇಕಾದ ಎ ಇನ್ನೂ ಮುಂದಿನ ಮೆಟ್ಟಿಲಲ್ಲಿದೆ, ಒತ್ತಕ್ಷರವಂತೂ ಇನ್ನೂ ದೂರ. ತಂಗಿ ಹೇಳಿದಳು: "ಎಮ್ಮಿ ಹಿಂದ ಅದ, ಸಾವಕಾಶ ನಡಕೋತ ಬರ್ಲತದ." ಅವನಿಗೆ ಪೂರ್ತಿ ಒಪ್ಪಿಗೆಯಾಯಿತು. ಎಮ್ಮೆ ಕಾಯುವ ಮನೆಯ ಹುಡುಗ; ಅದು ಬರುವ ರೀತಿ ಅವನಿಗೆ ಗೊತ್ತು.

ಈ ಗೋಡೆಹಲಗೆಯ ವಿಷಯ ಹೇಳಲೇಬೇಕು. ಗೋಡೆಯ ಕೆಳಭಾಗದಲ್ಲಿ, ಮಕ್ಕಳು ಕೂತರೆ ಕೈಗೆ ಸಿಗುವಷ್ಟು ಎತ್ತರದಲ್ಲಿ, ಖೋಲಿಯ ಸುತ್ತ ಕರಿ ಬಣ್ಣದ ಪಟ್ಟಿ ಬಳಿದು, ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿರುತ್ತಾರೆ. ಅದು ಅವರವರ ಆಸ್ತಿ. ಹದ್ದುಬಸ್ತಿನ ತಂಟೆ ಹೊಲದಲ್ಲಿ ಆಗುವಷ್ಟೇ ಇಲ್ಲಿಯೂ ಆಗುತ್ತದೆ. ತಲೆಯ ಮೇಲೆ ಹಗ್ಗ ಕಟ್ಟಿ ಮಾಡಿದ ಕಲಿಕಾ ಚಪ್ಪರದಲ್ಲಿ ಮಕ್ಕಳು ಬಿಡಿಸಿದ ಚಿತ್ರ, ಕತ್ತರಿಸಿದ ಹೂವು ತೂಗುತ್ತವೆ. ಎಳ್ಳಮಾವಾಸ್ಯೆಯ ಮರುದಿನ ಅಲ್ಲಿ ಬರೀ ತರಕಾರಿಗಳೇ. ಹಬ್ಬದ ದಿನ ಹೊಲಕ್ಕೆ ಒಯ್ದ ಭಜ್ಜಿಯಲ್ಲಿ ಏನೇನು ಬಿದ್ದಿತ್ತು ಎಂದು ಪ್ರತಿಯೊಬ್ಬರೂ ನೆನಪಿಸಿಕೊಂಡು ಚಿತ್ರ ಬರೆಯಬೇಕು. ಯಾರ ಮನೆಯ ಭಜ್ಜಿಯಲ್ಲಿ ಹೆಚ್ಚು ಬಗೆ ಇತ್ತೋ ಅವರದೇ ಗೆಲುವು. ಎಣಿಕೆಯೂ ಆಯಿತು, ಪರಿಸರ ಅಧ್ಯಯನವೂ ಆಯಿತು, ಒಂದಿಬ್ಬರ ಬಾಯಲ್ಲಿ ನೀರೂ ಬಂತು.

ಈ ನಲಿ-ಕಲಿ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಹುಟ್ಟಿದ ಯೋಜನೆ ಎಂದು ನಮ್ಮ ಕಟ್ಟೆಯವರು ತಿಳಿದಿದ್ದಾರೆ. ಹಾಗಲ್ಲ. ಶಾಲಾ ಶಿಕ್ಷಕರೇ ಇದನ್ನು ಮಾಡಿದವರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಯುತ್ತಿದ್ದ ಮಕ್ಕಳನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಶಿಕ್ಷಕರು ತಾವೇ ಕೂತು ಕನ್ನಡದ ಕಾರ್ಡು ಬರೆದರು, ಹಾಡು ಕಟ್ಟಿದರು. ಅದೇ ಬೆಳೆದು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದಕ್ಕೂ ಮೊದಲೇ, 1972ರಲ್ಲಿ, ಕೋಲಾರ ಜಿಲ್ಲೆಯ ರಾಯಲ್ಪಾಡು ಹತ್ತಿರ ಡೇವಿಡ್ ಹಾರ್ಸ್‌ಬರೊ ಎಂಬ ಇಂಗ್ಲಿಷಿನವರು ನೀಲ್‌ಬಾಗ್ ಶಾಲೆ ನಡೆಸಿ, ಪರೀಕ್ಷೆ, ಶಿಕ್ಷೆ ಎರಡೂ ಇಲ್ಲದೆ ಹಳ್ಳಿ ಮಕ್ಕಳು ಕಲಿಯಬಲ್ಲರು ಎಂದು ತೋರಿಸಿದ್ದರು. ಜಪಾನಿನ ತೊತ್ತೋ-ಚಾನ್ ಪುಸ್ತಕ ಓದಿದವರಿಗೆ ಅಲ್ಲಿನ ಶಾಲೆ ನೆನಪಿರಬಹುದು. ಮುಂಜಾನೆ ಬಂದ ಮಕ್ಕಳು ತಮಗೆ ಇಷ್ಟವಾದ ವಿಷಯದಿಂದಲೇ ದಿನ ಶುರುಮಾಡುತ್ತಿದ್ದರು. ಆ ಪುಸ್ತಕ ಓದಿ ಕಣ್ಣೀರು ಹಾಕಿದ ಎಷ್ಟೋ ತಂದೆತಾಯಂದಿರು ನನಗೆ ಗೊತ್ತು. ಅವರ ಊರಿನಲ್ಲೇ ಆ ಶಾಲೆಯ ಬಡ ತಂಗಿ ನೆಲದ ಮೇಲೆ ಕೂತಿದ್ದಾಳೆ ಎಂದು ಅವರಿಗೆ ಗೊತ್ತಿಲ್ಲ.

ನನ್ನ ಅಪ್ಪ ಕಲಿತ ಶಾಲೆ ಇದಲ್ಲ. ನಿಜಾಮರ ಕಾಲ, ಸರ್ಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಬೇಕಾದವರು ಅಯ್ಯನವರ ಖಾಸಗಿ ಸಾಲೆಗೆ ಹೋಗಿ ಉಸುಕಿನ ಮೇಲೆ ಬೆರಳಿನಿಂದ ತಿದ್ದಬೇಕು. ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕೂತು ಮಗ್ಗಿ. ಪೂರ್ಣ ಸಂಖ್ಯೆಯದಷ್ಟೇ ಅಲ್ಲ, ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿ ಕೂಡ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು ಎಂದು ಅಪ್ಪ ಮುಪ್ಪಿನಲ್ಲೂ ನಿದ್ದೆಗಣ್ಣಿನಲ್ಲಿ ಹೇಳುತ್ತಿದ್ದರು. ನಾನು ಕ್ಯಾಲ್ಕುಲೇಟರ್ ಒತ್ತುವಷ್ಟರಲ್ಲಿ ಅವರ ಲೆಕ್ಕ ಮುಗಿದಿರುತ್ತಿತ್ತು. ಆ ಬಾಯಿಪಾಠವನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಆ ಸಾಲೆಯಲ್ಲಿ ಅಪ್ಪನ ಜೊತೆ ಕೂತವರಲ್ಲಿ ಮಗ್ಗಿ ಬಾರದೆ ಏಟು ತಿಂದು ದನ ಕಾಯಲು ಹೋದವರೇ ಹೆಚ್ಚು. ಅವರ ಅಕ್ಕತಂಗಿಯರಂತೂ ಸಾಲೆಯ ಹೊಸ್ತಿಲನ್ನೇ ಕಂಡಿರಲಿಲ್ಲ. ಉಳಿದವರನ್ನಷ್ಟೇ ನೋಡಿ ಹಳೆಯ ಕಾಲದ ಶಾಲೆ ಗಟ್ಟಿ ಎನ್ನುವುದು ಕಟ್ಟೆಯ ಲೆಕ್ಕ.

ನಲಿ-ಕಲಿ ಮುಗಿಸಿ ಮೇಲೆ ಹೋದ ಮಕ್ಕಳಿಗೆ ನಾಲ್ಕು, ಐದನೇ ಇಯತ್ತೆಯಲ್ಲಿ ಗಣಿತದ ಪೆಟ್ಟಿಗೆ ಸಿಗುತ್ತದೆ. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನ ಮೊದಲು ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೇ. ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ಬಿಡಿ-ಹತ್ತು-ನೂರರ ದಿಮ್ಮಿಗಳು, ಭಿನ್ನರಾಶಿಯ ತುಂಡುಗಳು, ಗಡಿಯಾರ, ಆಟದ ನೋಟು ಇವೆ. ಹುಡುಗರಿಗೆ ಎಲ್ಲಕ್ಕಿಂತ ಪ್ರೀತಿ ನೋಟಿನ ಮೇಲೆ. ಖೋಲಿಯ ಒಂದು ಮೂಲೆ ಕಿರಾಣಿ ಅಂಗಡಿಯಾಗುತ್ತದೆ. ಗಿರಾಕಿ ಅರ್ಧ ಕಿಲೋ ತೊಗರಿಬೇಳೆ ಕೇಳಿ ನೂರರ ನೋಟು ಕೊಟ್ಟರೆ, ಅಂಗಡಿಯವ ಚಿಲ್ಲರೆ ಎಣಿಸಬೇಕು. ಒಬ್ಬ ಹುಡುಗ ಎಣಿಸುವ ಗೋಜಿಗೇ ಹೋಗದೆ "ಚಿಲ್ಲರ ಇಲ್ಲ, ಚಾಕಲೇಟ್ ತಗೋ" ಎಂದ. ಅವನಿಗೆ ಕಳೆಯುವ ಲೆಕ್ಕ ಬರುತ್ತದೋ ಇಲ್ಲವೋ, ಹುಮನಾಬಾದ ಬಜಾರು ಮಾತ್ರ ಚೆನ್ನಾಗಿ ಬರುತ್ತದೆ.

ಈ ಆಟದ ಅಂಗಡಿಯೇ ವರ್ಷಕ್ಕೊಮ್ಮೆ ನಿಜವಾಗುವುದು ಮಕ್ಕಳ ಸಂತೆಯಲ್ಲಿ. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಪುಂಡಿಪಲ್ಯ, ಬದನೇಕಾಯಿ, ಹಸಿಮೆಣಸು, ಸುಸಲಾ, ಮಿರ್ಚಿ ಭಜಿ. ಕಟ್ಟೆಯ ಮುತ್ಯಾಗಳೂ ಚೀಲ ಹಿಡಿದು ಬರುತ್ತಾರೆ. ತಿರುಗಿ ತಿರುಗಿ ಚೌಕಾಶಿ ಮಾಡುತ್ತಾರೆ, ಐದನೇ ಇಯತ್ತೆಯವರು ಅಳುಕುವುದಿಲ್ಲ. ಹೊತ್ತು ಇಳಿಯುವಾಗ ಒಂದು ಹುಡುಗಿ ಉಳಿದ ಪುಂಡಿಪಲ್ಯದ ಸಿವುಡುಗಳನ್ನು ಅರ್ಧ ರೇಟಿಗೆ ಕೂಗತೊಡಗಿದಳು. ಲುಕ್ಸಾನು ಆಗುವುದಿಲ್ಲವೇ ಎಂದು ಹೆಡ್‌ಮಾಸ್ತರರು ಕೇಳಿದರು. "ಮುಂಜಾನಿ ಮಾರಿದ್ದರಾಗ ಅಸಲು ಬಂದದರಿ ಸರ್. ಇದು ಮನಿಗಿ ಒಯ್ದರ ಬಾಡ್ತದ" ಎಂದಳು. ಲಾಭ-ನಷ್ಟದ ಅಧ್ಯಾಯ ಅವರ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ. ಹೆಡ್‌ಮಾಸ್ತರರು ಮಾತಾಡದೆ ಎರಡು ಸಿವುಡು ಕೊಂಡರು.

ಊಟದ ಹೊತ್ತನ್ನೂ ನಾನು ಪಾಠದಲ್ಲೇ ಸೇರಿಸುತ್ತೇನೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಶುರುವಾದದ್ದು ಬೀದರ್ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ. ದಾಸೋಹದ ನೆಲವಾದ ಬಸವಕಲ್ಯಾಣ ಇರುವ ಜಿಲ್ಲೆಗೆ ಅದು ಮೊದಲು ಬಂದದ್ದು ತಕ್ಕುದೇ ಆಯಿತು. 2013ರಿಂದ ಹಾಲು ಬಂತು, ಆಮೇಲೆ ತತ್ತಿ. ತತ್ತಿ ಯಾರಿಗೆ, ಬಾಳೆಹಣ್ಣು ಯಾರಿಗೆ ಎಂದು ಮುಂಜಾನೆ ಲೆಕ್ಕ ಹಾಕಿ ಅಡುಗೆಯ ಅಕ್ಕನಿಗೆ ಚೀಟಿ ಕೊಡುವ ಕೆಲಸ ತಂಗಿಯ ಶಾಲೆಯಲ್ಲಿ ಐದನೆಯವರದು. ಕೂಡಿಸಿ ನೋಡಿದರೆ ಆ ದಿನದ ಹಾಜರಿಗೆ ಸರಿಹೊಂದಬೇಕು. ತಪ್ಪಿದರೆ ಒಬ್ಬನಿಗೆ ತತ್ತಿ ತಪ್ಪುತ್ತದೆ. ಇಷ್ಟು ಎಚ್ಚರದಿಂದ ಕೂಡುವ ಲೆಕ್ಕವನ್ನು ಯಾವ ನೋಟ್‌ಬುಕ್ಕಿನಲ್ಲೂ ನಾನು ಕಂಡಿಲ್ಲ.

ಸಂತೆಗೆ ಬರುವ ಕಟ್ಟೆಯವರು ಪಾಠ ನಡೆಯುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಒಂದೇ ಸಲ, 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿದಾಗ ವಿದ್ಯಾಗಮ ಎಂಬ ಹೆಸರಿನಲ್ಲಿ ಶಿಕ್ಷಕರು ಊರೊಳಗೇ ಬಂದರು. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನವೇ ತರಗತಿ. ಮುತ್ಯಾಗಳು ತಮ್ಮ ಜಾಗ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ಕೆಲವೇ ದಿನಗಳಲ್ಲಿ ಒಬ್ಬ ಮುತ್ಯಾ ಅಳತೆಯ ಪಾಠದ ನಡುವೆ ಬಾಯಿ ಹಾಕಿ, ಕೊಳಗ, ಪಾಯಲಿ, ಸೇರುಗಳ ಲೆಕ್ಕ ಶುರುಮಾಡಿಬಿಟ್ಟ. ತಂಗಿ ತಡೆಯಲಿಲ್ಲ, ಚಾಕ್‌ಪೀಸ್ ಅವನ ಕೈಗೇ ಕೊಟ್ಟಳು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯಾಗಮ ನಿಲ್ಲಿಸಿತು. ಆಗ ಮಕ್ಕಳಿಗಿಂತ ಹೆಚ್ಚು ಬೇಜಾರಾದದ್ದು ಆ ಮುತ್ಯಾಗೆ.

ಎಲ್ಲವೂ ಹೂವಿನ ಹಾಸಿಗೆ ಎಂದು ಬರೆದರೆ ತಂಗಿಯೇ ನಗುತ್ತಾಳೆ. ಕಾರ್ಡುಗಳು ಹರಿಯುತ್ತವೆ, ಹೊಸವು ಬರಲು ತಡವಾಗುತ್ತದೆ. ಒಬ್ಬಳೇ ಟೀಚರು ಮೂರು ಇಯತ್ತೆ, ಐದು ತಟ್ಟೆ ನೋಡಬೇಕು. ನಡುವೆ ಗಣತಿ, ಮತದಾರರ ಪಟ್ಟಿ, ಆ ತರಬೇತಿ, ಈ ವರದಿ. ಚಟುವಟಿಕೆ ಮಾಡಿದ್ದಕ್ಕಿಂತ ಅದರ ಫೋಟೊ ಅಪ್‌ಲೋಡ್ ಮಾಡಿದ್ದೇ ಮುಖ್ಯವಾಗುವ ದಿನಗಳಿವೆ. ಮೊಬೈಲ್ ಎತ್ತಿದ ಕೂಡಲೇ ಮಕ್ಕಳು ತಾವಾಗಿಯೇ ಕಾರ್ಡು ಎದೆಗೆ ಹಿಡಿದು ನಗುತ್ತವೆ. ಇನ್ನೂ ದೊಡ್ಡ ತೊಡಕು ನಾಲ್ಕನೇ ಇಯತ್ತೆಯದು. ಮೂರು ವರ್ಷ ದುಂಡಗೆ ಕೂತು, ಎದ್ದು, ಓಡಾಡಿ ಕಲಿತವರು ಅಲ್ಲಿಗೆ ಹೋದ ಕೂಡಲೇ ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಬೇಕು. "ಜೂನಿನ ಮೊದಲ ವಾರ ನಾಲ್ಕನೇದವು ನನ್ನ ಖೋಲಿಗೇ ಬಂದು ಕೂಡ್ತಾವ ಅಣ್ಣಾ, ಎಬ್ಬಿಸಿ ಕಳಿಸೋದೇ ಕಷ್ಟ" ಎನ್ನುತ್ತಾಳೆ ತಂಗಿ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ಸಂಭ್ರಮ ಶನಿವಾರ ಎಂದು ಇಲಾಖೆ ಮಾಡಿದೆ, ಒಳ್ಳೆಯದೇ. ಆದರೆ ಸಂಭ್ರಮಕ್ಕೆ ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿದರೆ ಉಳಿದ ದಿನಗಳ ಬಗ್ಗೆ ಏನು ಹೇಳಿದಂತಾಯಿತು?

ಈ ತೊಡಕುಗಳಿಗೆ ಊರವರು ಹುಡುಕಿಕೊಂಡ ಪರಿಹಾರ ಹಳದಿ ವ್ಯಾನು. ಅದು ದಿನಾ ಮುಂಜಾನೆ ಬಂದು ಮಕ್ಕಳನ್ನು ತುಂಬಿಕೊಂಡು ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗಳಿಗೆ ಒಯ್ಯುತ್ತದೆ. ಟೈ, ಬೂಟು, ಸಂಜೆಗೆ ಎರಡು ಪುಟ ಹೋಂವರ್ಕ್. ಆ ಮಕ್ಕಳನ್ನು ಏನು ಕಲಿತೆ ಎಂದು ಕೇಳಿದರೆ ಚೀಲದಿಂದ ನೋಟ್‌ಬುಕ್ ತೆಗೆದು ತೋರಿಸುತ್ತಾರೆ, ಕೇಳಿದವರಿಗೆ ಸಮಾಧಾನವಾಗುತ್ತದೆ. ಸರ್ಕಾರಿ ಶಾಲೆಯ ಮಗು ತೋರಿಸಲು ತರುವ ವಸ್ತು ಏನೂ ಇಲ್ಲ. ಅದು ಕಲಿತದ್ದೆಲ್ಲ ಗೋಡೆಯ ಮೇಲೆ, ಚಪ್ಪರದಲ್ಲಿ, ಅಂಗಳದಲ್ಲಿ ಉಳಿದಿರುತ್ತದೆ, ಇಲ್ಲವೇ ತಲೆಯೊಳಗಿರುತ್ತದೆ. ಅದನ್ನು ನೋಡಲು ನಾವೇ ಅಲ್ಲಿಗೆ ಹೋಗಬೇಕು.

ಹಾಗಾಗಿ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಟಿ.ಸಿ. ತೆಗೆಸುವುದು ನಿಮ್ಮ ಹಕ್ಕು, ಬೇಡ ಎನ್ನುವುದಿಲ್ಲ. ಅರ್ಜಿ ಬರೆಯುವ ಮುಂಚೆ ಒಂದು ಮುಂಜಾನೆ ನಿಮ್ಮೂರ ಶಾಲೆಯ ನಲಿ-ಕಲಿ ಖೋಲಿಗೆ ಹೋಗಿ, ಹಾಜರಿಯ ಗುರುತು ಬೀಳುವುದರಿಂದ ಹಿಡಿದು ಬಿಸಿಯೂಟದ ಗಂಟೆ ಬಾರಿಸುವ ತನಕ ನೆಲದ ಮೇಲೆ ಕೂತು ಬನ್ನಿ. ಅಲ್ಲಿ ಟೀಚರು ಇಲ್ಲದಿದ್ದರೆ, ಕಾರ್ಡು ಹರಿದಿದ್ದರೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ನಿಂತು ಕೇಳಿ. ಆ ಸಭೆ ಇರುವುದೇ ಅದಕ್ಕಾಗಿ. ಎಲ್ಲವೂ ಸರಿಯಾಗಿ ನಡೆದಿದ್ದರೆ ಅರ್ಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿ.